ಆಷಾಢದಲ್ಲಿ ಬಿದ್ದ ಸ್ಕೈಲ್ಯಾಬು

ಚನ್ನಪಟ್ಟಣ
25 ಮಾರ್ಚ್ 2001
ಭಾನುವಾರ, ಅಮಾವಾಸ್ಯೆ

ಅಕ್ಕ ಮುನಿರತ್ನಮ್ಮನಿಗೆ,

ತಂಗಿ ಲತಾಮಣಿಯ ನಮಸ್ಕಾರ. ಇಲ್ಲಿ ಯಾರೂ ಅಂಥ ಕ್ಷೇಮವಾಗಿಲ್ಲ, ಆದರೂ ಕಾಗದದ ಮರ್ಯಾದೆಗೆ ಕ್ಷೇಮ ಎಂದೇ ಓದಿಕೋ. ಮಾಗಡಿಯಲ್ಲಿ ನೀನು, ಭಾವ, ಪುನೀತ ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನೀವು ಚೆನ್ನಾಗಿಲ್ಲದ ಕಾಲವೊಂದು ನನಗೆ ನೆನಪಿಲ್ಲ.

ಮೊದಲು ಒಂದು ಕೆಲಸ ಮಾಡು. ಈ ಕಾಗದ ತಂದುಕೊಟ್ಟವಳನ್ನು ಒಳಗೆ ಕರೆದು ಕೂರಿಸಿ ಒಂದು ಲೋಟ ನೀರು ಕೊಡು. ಅವಳ ಬ್ಯಾಗು ನೋಡಿ ಬೆಚ್ಚಬೇಡ. ಕಾಗದದಲ್ಲಿ ಏನಿದೆ ಎಂದು ಮಗಳು ಪ್ರತಿಮಾಳಿಗೆ ಗೊತ್ತಿಲ್ಲ. ಕವರಿಗೆ ಅನ್ನದ ಅಂಟು ಹಾಕಿ ಒಣಗಿಸಿ ಕೊಟ್ಟಿದ್ದೇನೆ. ದೊಡ್ಡವ್ವ ಓದಿ ಮುಗಿಸುವ ತನಕ ಏನೂ ಕೇಳಬೇಡ ಎಂದು ಹೇಳಿದ್ದೇನೆ. ಅವಳು ಕೇಳುವುದಿಲ್ಲ. ಆದರೆ ನಿನ್ನ ಮುಖ ನೋಡುತ್ತಾ ಕೂತಿರುತ್ತಾಳೆ, ಅದಕ್ಕೆ ನಾನೇನೂ ಮಾಡಲಾರೆ.

ನಿನ್ನ ಕಾಗದ ಶಿವರಾತ್ರಿಗೆ ಮೊದಲೇ ಕೈ ಸೇರಿತ್ತು. ಉತ್ತರ ತಡವಾಯಿತು, ಮನ್ನಿಸು. ನಿನ್ನ ಕಾಗದವನ್ನು ಒಂದೇ ಸಲಕ್ಕೆ ಅರಗಿಸಿಕೊಳ್ಳುವುದು ಕಷ್ಟ, ಬಿಡಿಬಿಡಿಯಾಗಿ ಓದಿದೆ. ನಾನು ಕೇಳಿದ್ದು ಚಿಕ್ಕದು. ಪ್ರತಿಮಾಳ ಬಿಎಸ್ಸಿ ಕೊನೆಯ ಪರೀಕ್ಷೆ ಮುಗಿಯುವವರೆಗೆ ಅವಳನ್ನು ನಿನ್ನ ಮನೆಯಲ್ಲಿ ಇಟ್ಟುಕೋ, ರಾಮನಗರದ ಕಾಲೇಜಿಗೆ ಅಲ್ಲಿಂದಲೂ ಬಸ್ಸಿದೆ ಎಂದು ಬರೆದಿದ್ದೆ. ನೀನು ಮೂರು ಪುಟ ಬರೆದೆ. ಪುನೀತನಿಗೆ ಹೆಣ್ಣು ನೋಡುತ್ತಿದ್ದೀರಿ, ಇಂಥ ಹೊತ್ತಿನಲ್ಲಿ ಮನೆಯಲ್ಲಿ ಓಡಿಬಂದ ಹುಡುಗಿ ಇದ್ದಾಳೆಂದರೆ ಬೀಗರು ಮೆಟ್ಟಿಲು ಹತ್ತುವುದಿಲ್ಲ. ಭಾವ ರಿಟೈರ್ ಆಗುವ ವರ್ಷ, ಹೆಡ್‌ಮಾಸ್ಟರ ಮನೆ ಬಾಗಿಲಲ್ಲಿ ಸ್ವಾಮಿ ಮಾವ ಬಂದು ಕೂಗಾಡಿದರೆ ಊರು ನಗುತ್ತದೆ. ಎಲ್ಲ ನಿಜವೇ. ನಿನ್ನ ಮಾತಿನಲ್ಲಿ ಯಾವತ್ತೂ ಹುರುಳಿಲ್ಲದೆ ಇರುವುದಿಲ್ಲ.

ಕೊನೆಯಲ್ಲಿ ನೀನು ಒಂದು ಸಮಾಧಾನದ ಮಾತೂ ಬರೆದಿದ್ದೆ. "ಅವತ್ತು ಯಾರಿಗೆ ಗೊತ್ತಿತ್ತು ಹೇಳು? ಲೋಕವೇ ಹೆದರಿತ್ತು. ನಿನ್ನ ಹಣೆಯಲ್ಲಿ ಬರೆದದ್ದು ನಿನಗಾಯಿತು, ಅವಳದ್ದು ಅವಳಿಗೆ." ಈ ಸಾಲನ್ನು ನಾನು ಬಹಳ ಸಲ ಓದಿದೆ. ಅಕ್ಷರ ಎಷ್ಟು ಮುದ್ದಾಗಿದೆ.

ಅವಳ ಹಣೆಯಲ್ಲಿ ಏನು ಬರೆದಿದೆ ಎಂದು ನಿನಗೆ ಪೂರ್ತಿ ತಿಳಿಸಿರಲಿಲ್ಲ. ಅವಳಿಗೆ ಗೊತ್ತು ಮಾಡಿದ ಗಂಡಿನ ಹೆಸರು ಮನೋಹರ. ಬಿಡದಿಯಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಸುತ್ತಲಿನ ಹಳ್ಳಿಗಳಿಂದ ಜನರನ್ನು ಕೆಲಸಕ್ಕೆ ಸಾಗಿಸುವ ಟೆಂಪೋಗಳನ್ನು ಓಡಿಸಿ ದೊಡ್ಡ ಮನುಷ್ಯನಾಗಿದ್ದಾನೆ. ವಯಸ್ಸು ನಲವತ್ತರ ಹತ್ತಿರ. ನಮ್ಮ ಯಜಮಾನರಿಗೂ ಅವನಿಗೂ ಒಂದೇ ಬಾಟಲಿಯ ಗೆಳೆತನ. ಮದುವೆಯಾದರೆ ಮಾವನನ್ನು ಟೆಂಪೋ ಸ್ಟ್ಯಾಂಡಿನ ಮೇಸ್ತ್ರಿ ಮಾಡುತ್ತಾನಂತೆ. ಮೊದಲನೆಯ ಹೆಂಡತಿ ಮನೆಯ ಹಿಂದಿನ ಬಾವಿಗೆ ಕಾಲು ಜಾರಿ ಬಿದ್ದು ಹೋದಳು. ಇದು ಅವನು ಹೇಳುವುದು. ನಾನು ಕೆಲಸ ಮಾಡುವ ಬೊಂಬೆ ಕಾರ್ಖಾನೆಯ ಹುಸೇನ್ ಸಾಬರ ಹೆಂಡತಿ ಅಖ್ತರಿಯ ತಾಯಿಮನೆ ಅವನ ಬೀದಿಯಲ್ಲೇ ಇದೆ. ಹೆಣ ತೆಗೆದ ದಿನ ಆಕೆ ಒಳಗೆ ಹೋಗಿದ್ದಳು. "ಅಮ್ಮಾ, ಬಾವಿಗೆ ಬಿದ್ದೋಳ ಬಳೆ ಅಡುಗೆಮನೇಲಿ ಒಡ್ದು ಬಿದ್ದಿದ್ವು" ಎಂದಳು. ಅಷ್ಟೇ ಹೇಳಿ ಬಣ್ಣದ ಕಡ್ಡಿ ಜೋಡಿಸತೊಡಗಿದಳು.

ಇದನ್ನು ಸ್ವಾಮಿ ಮಾವನಿಗೆ ಹೇಳಿದೆ. ನಿನಗೂ ಮಾವ, ನನಗೂ ಮಾವ, ನನಗೆ ಮಾತ್ರ ಗಂಡ ಕೂಡ. ಅವರು ಊಟ ಮಾಡುತ್ತಿದ್ದರು. "ಬಳೆ ಅಂದ್ಮೇಲೆ ಒಡೀತವೆ ಕಣ್ಲೇ ಸ್ಕೈಲ್ಯಾಬು. ಒಸಿ ಸಾರು ಬುಡು" ಎಂದರು. ಹೊಸತೊಡಕು ಕಳೆದ ಮೇಲೆ ಬರುವ ಗುರುವಾರ ಮದುವೆ. ದೇವಸ್ಥಾನದಲ್ಲಿ, ಹತ್ತು ಜನರ ಮುಂದೆ.

ಹೌದು, ಈಗಲೂ ನನ್ನ ಹೆಸರು ಸ್ಕೈಲ್ಯಾಬೇ. ಇಪ್ಪತ್ತೆರಡು ವರ್ಷದಲ್ಲಿ ಲತಾ ಎಂದು ಅವರ ಬಾಯಲ್ಲಿ ಬಂದದ್ದು ರೇಷನ್ ಕಾರ್ಡು ಮಾಡಿಸುವಾಗ ಮಾತ್ರ. ಬಂದವರಿಗೆಲ್ಲ ಹೇಳುತ್ತಾರೆ, "ತಗಡು ಆಸ್ಟ್ರೇಲಿಯಾಕ್ಕೆ ಬಿತ್ತು, ಮಿಕ್ಕಿದ್ದು ನಮ್ಮನೆಗೆ ಬಿತ್ತು." ಜನ ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ಒಂದು ಹಟ ಹುಟ್ಟಿತು. ನನ್ನನ್ನು ಯಾವುದರ ಹೆಸರಿನಿಂದ ಕೂಗುತ್ತಾರೋ ಅದು ಏನು, ಯಾರು ಕಟ್ಟಿದರು, ಯಾಕೆ ಬಿತ್ತು ಎಂದಾದರೂ ತಿಳಿಯಬೇಡವೇ. ಲೈಬ್ರರಿಯಲ್ಲಿ ಕೂತು ಓದಿದೆ. ಪ್ರತಿಮಾ ದೊಡ್ಡವಳಾದ ಮೇಲೆ ಕಾಲೇಜಿನಿಂದ ಪುಸ್ತಕ ತಂದು ಕೊಟ್ಟಳು. ಬೇರೆಯವರ ಮನೆಯಲ್ಲಿ ತಾಯಿ ಮಗಳು ಧಾರಾವಾಹಿ ಮಾತಾಡುತ್ತಾರೆ, ನಾವು ಆಕಾಶದಲ್ಲಿ ಮನೆ ಕಟ್ಟಿದವರ ಮಾತಾಡುತ್ತಿದ್ದೆವು.

ನಿನಗೆ ಬೇಸರವಾದರೂ ಸ್ವಲ್ಪ ಕೇಳು. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಎಷ್ಟೋ ವರ್ಷ ಮೊದಲೇ, ನಮ್ಮಜ್ಜಿ ಇನ್ನೂ ಲಂಗ ಹಾಕುತ್ತಿದ್ದ ಕಾಲಕ್ಕೆ, ಯುರೋಪಿನವರು ಕಾಗದದ ಮೇಲೆ ಗಾಡಿಯ ಗಾಲಿಯಂಥ ಮನೆ ಬರೆದಿದ್ದರು. ಅದು ತಿರುಗುತ್ತಿದ್ದರೆ ಒಳಗಿನವರಿಗೆ ನೆಲದ ಮೇಲೆ ನಿಂತ ಹಾಗಿರುತ್ತದಂತೆ. ಅಷ್ಟು ಚೆಂದದ್ದನ್ನು ಯಾರೂ ಕಟ್ಟಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿದರು. ಮೊದಲು ರಷ್ಯಾದವರು ಸಲ್ಯೂತ್ ಎಂಬುದನ್ನು ಹಾರಿಸಿದರು. ಮೊದಲ ಸಲ ಹೋದವರಿಗೆ ಬಾಗಿಲೇ ಸರಿಯಾಗಿ ಕೂಡಲಿಲ್ಲ, ಒಳಗೆ ಹೋಗದೆ ವಾಪಸ್ಸು ಬಂದರು. ಎರಡನೆಯ ಸಲದ ಮೂವರು ಒಳಗೆ ಹೋಗಿ ಮೂರು ವಾರ ಸಂಸಾರ ಮಾಡಿದರು. ಹಿಂತಿರುಗುವ ದಾರಿಯಲ್ಲಿ ಒಂದು ಸಣ್ಣ ಕವಾಟ ತೆರೆದುಕೊಂಡು ಗಾಳಿಯೆಲ್ಲ ಹೋಯಿತು. ಗೂಡು ನೆಟ್ಟಗೆ ಬಂದು ನೆಲಕ್ಕೆ ಇಳಿಯಿತು, ಹೊರಗಿನಿಂದ ಒಂದು ಗೀರೂ ಇಲ್ಲ. ಖುಷಿಯಾಗಿ ಬಾಗಿಲು ತೆಗೆದರೆ ಮೂವರೂ ಕೂತಲ್ಲೇ ಸತ್ತಿದ್ದರು. ಅಖ್ತರಿ ಬಳೆಯ ಮಾತು ಹೇಳಿದ ದಿನ ನನಗೆ ಇವರ ನೆನಪೇ ಬಂತು.

ಅಮೆರಿಕದವರ ಸ್ಕೈಲ್ಯಾಬು ಹುಟ್ಟಿದ್ದು ಚಂದ್ರನಿಗೆ ಹೋಗಿ ಮಿಕ್ಕಿದ ರಾಕೆಟ್ಟಿನಿಂದ. ಮಿಕ್ಕಿದ್ದು ಎಂದರೆ ಮಿಕ್ಕಿದ್ದೇ, ದೊಡ್ಡವಳ ಲಂಗ ಚಿಕ್ಕವಳಿಗೆ ಬಂದ ಹಾಗೆ. ಹಾರುವಾಗಲೇ ಒಂದು ರೆಕ್ಕೆ ಕಿತ್ತುಹೋಯಿತು, ಬಿಸಿಲು ತಡೆಯುವ ಹೊದಿಕೆ ಹರಿಯಿತು. ಆಮೇಲೆ ಹೋದವರು ಕೊಡೆಯಂಥದ್ದೊಂದನ್ನು ಬಿಚ್ಚಿ ನೆರಳು ಮಾಡಿಕೊಂಡರು. ಮೂರು ತಂಡ ಅಲ್ಲಿ ಬದುಕಿ ಬಂತು. ನಮ್ಮ ಕಾರ್ಖಾನೆಗೆ ಹೋದ ದೀಪಾವಳಿ ಹೊತ್ತಿಗೆ ಬೆಂಗಳೂರಿನ ಒಬ್ಬರು ಶಾಲೆಯ ವಸ್ತುಪ್ರದರ್ಶನಕ್ಕೆಂದು ಇವನ್ನೆಲ್ಲ ಮರದಲ್ಲಿ ಮಾಡಿಕೊಡಲು ಹೇಳಿದ್ದರು. ಸಲ್ಯೂತ್, ಸ್ಕೈಲ್ಯಾಬ್, ಮೀರ್, ಈಗ ಎಲ್ಲ ದೇಶದವರೂ ಸೇರಿ ತುಂಡು ತುಂಡಾಗಿ ಮೇಲೆ ಸಾಗಿಸಿ ಜೋಡಿಸುತ್ತಿರುವ ಹೊಸದು. ಹುಸೇನ್ ಸಾಬರು ಮರ ಕಡೆದರು, ನಾನು ಅರಗಿನ ಬಣ್ಣ ಹಿಡಿದೆ. ಸ್ಕೈಲ್ಯಾಬಿಗೆ ಅವರು ಎರಡು ರೆಕ್ಕೆ ಇಟ್ಟಿದ್ದರು. ಒಂದನ್ನು ತೆಗೆಯಿರಿ, ಅದು ಬದುಕಿದ್ದಷ್ಟು ದಿನ ಒಂದೇ ರೆಕ್ಕೆ ಎಂದೆ. ತೆಗೆದರು. ಬಂದವರು ಅದನ್ನು ಮಾತ್ರ ಡ್ಯಾಮೇಜು ಪೀಸು ಎಂದು ವಾಪಸ್ಸು ಮಾಡಿದರು. ಈಗ ಅದು ನಮ್ಮ ಮನೆಯ ಗೂಡಿನಲ್ಲಿ ನಿನ್ನ ಹಳೆಯ ರೇಡಿಯೋ ಪಕ್ಕದಲ್ಲಿ ಕೂತಿದೆ.

ಮೊನ್ನೆ ಶುಕ್ರವಾರ ಮೀರ್ ಬಿತ್ತಲ್ಲ, ನಿಮ್ಮ ಟಿವಿಯಲ್ಲೂ ನೋಡಿರಬೇಕು. ಅದು ಹದಿನೈದು ವರ್ಷ ಮೇಲಿತ್ತು. ಬೆಂಕಿ ಹತ್ತಿತು, ಸಾಮಾನು ತರುವ ಗಾಡಿ ಬಂದು ಗುದ್ದಿತು, ಅದನ್ನು ಕಟ್ಟಿದ ದೇಶವೇ ಇಲ್ಲವಾಯಿತು. ಆದರೂ ಕೊನೆಗೆ ಅದನ್ನು ಕೈಹಿಡಿದು ಇಳಿಸಿದರು. ಜಾಗ ನೋಡಿ, ಹೊತ್ತು ನೋಡಿ, ಯಾರೂ ಇಲ್ಲದ ಸಮುದ್ರಕ್ಕೆ. ಸ್ಕೈಲ್ಯಾಬಿಗೆ ಅಂಥ ಭಾಗ್ಯ ಇರಲಿಲ್ಲ. ಹತ್ತಿಸುವುದಕ್ಕೆ ಎಷ್ಟು ಯೋಜನೆ ಹಾಕಿದರೋ ಇಳಿಸುವುದಕ್ಕೆ ಅಷ್ಟು ಹಾಕಲಿಲ್ಲ. ಹೊಸ ಗಾಡಿಯೊಂದು ತಯಾರಾಗುತ್ತದೆ, ಅದು ಬಂದು ಮೇಲಕ್ಕೆ ನೂಕುತ್ತದೆ ಎಂದು ಬಿಟ್ಟಿದ್ದರು. ಗಾಡಿ ತಡವಾಯಿತು. ಸೂರ್ಯನ ಕಾವು ಹೆಚ್ಚಾಗಿ ಗಾಳಿ ಉಬ್ಬಿ ಅದನ್ನು ಕೆಳಗೆ ಎಳೆಯಿತು. ಗಾಡಿ ಸಿದ್ಧವಾಗಿ ಹಾರುವ ಹೊತ್ತಿಗೆ ಇದು ಬಿದ್ದು ಎರಡು ವರ್ಷ ಆಗುತ್ತಾ ಬಂದಿತ್ತು.

ಆ ದಿನ ಮನೋಹರ ನಮ್ಮ ಮನೆಯಲ್ಲೇ ಕೂತಿದ್ದ. ಪ್ರತಿಮಾ ಕಾಫಿ ತಂದಳು. ಟಿವಿ ನೋಡುತ್ತಾ ಮಾವ ಹೇಳಿದರು, "ಅವ್ವಂಗೆ ಸ್ಕೈಲ್ಯಾಬಲ್ಲಿ ಕಟ್ದೆ, ಮಗಳ ಕುತ್ಗೆಗೆ ಮೀರಲ್ಲೇ ಕಟ್ಟಿಸ್ಬುಡ್ಲೇನಪ್ಪ?" ಮನೋಹರ ಸೋಫಾ ಅಲುಗುವ ಹಾಗೆ ನಕ್ಕ. ಮೊದಲನೆಯವಳಿಗೆ ಓದು ಬರಹ ಇರಲಿಲ್ಲ, ಹೇಳಿದ್ದು ತಲೆಗೆ ಹೋಗುತ್ತಿರಲಿಲ್ಲ, ಇವಳು ಓದಿದವಳು, ಬೇಗ ತಿಳಿದುಕೊಳ್ಳುತ್ತಾಳೆ ಎಂದ. ಪ್ರತಿಮಾ ಲೋಟ ಕೆಳಗಿಟ್ಟು ನಿಂತಳು. "ಅದಕ್ಕೆ ಬೀಳಕ್ಕೆ ಸಮುದ್ರ ಐತೆ ಅಪ್ಪ. ನನಗೆಲ್ಲೈತೆ" ಎಂದಳು. ಮಾವ ಕೈ ಎತ್ತಿದರು. ಹೊಡೆಯಲಿಲ್ಲ, ಗಂಡಿನ ಮುಂದೆ ಕೆನ್ನೆ ಊದಿಸುವುದು ಬೇಡ ಎಂದೇನೋ. ಅವನು ಹೋದ ಮೇಲೆ ಹೊಡೆದರು. ಎಡಗಿವಿಯ ಹತ್ತಿರ ಇನ್ನೂ ಕೆಂಪಗಿದೆ, ಕೂದಲು ಸರಿಸಿದರೆ ಕಾಣುತ್ತದೆ. ನೋಡಬೇಕೆನ್ನಿಸಿದರೆ ನೋಡು.

ಅವತ್ತು ಸಂಜೆ ಪ್ರತಿಮಾ ನನ್ನನ್ನು ಕೇಳಿದಳು, "ಅವ್ವ, ನೀನ್ಯಾಕೆ ಬ್ಯಾಡ ಅನ್ನಲಿಲ್ಲ ಅವತ್ತು?" ಅವಳಿಗೆ ಎಲ್ಲ ಹೇಳಿದೆ. ನಿನಗೂ ನೆನಪಿಸುತ್ತೇನೆ, ನಿನ್ನದು ಸುಖದ ಸಂಸಾರ, ಹಳೆಯದು ಮರೆತಿರಬಹುದು.

ಕಬ್ಬಾಳಿನ ಪಕ್ಕದ ನಮ್ಮೂರಿನಲ್ಲಿ ಆ ಜುಲೈ ತಿಂಗಳು ಒಂದು ಕೋಳಿಯೂ ಉಳಿದಿರಲಿಲ್ಲ. ಆಕಾಶದಿಂದ ಮನೆಯಷ್ಟು ದೊಡ್ಡ ಕಬ್ಬಿಣ ಬೀಳುತ್ತದೆ, ಎಲ್ಲರೂ ಸಾಯುತ್ತೇವೆ ಎಂದು ಕುರಿ ಮೇಕೆ ಎಲ್ಲ ಕುಯ್ದು ತಿಂದರು. ನನಗೆ ಎಸ್ಸೆಸ್ಸೆಲ್ಸಿ ಆಗಿತ್ತು, ಕನಕಪುರದಲ್ಲಿ ಟೀಚರ್ ಟ್ರೈನಿಂಗಿಗೆ ಸೇರಬೇಕಿತ್ತು. ನಿನಗೆ ಭಾವನ ಜೊತೆ ವೀಳ್ಯ ಆಗಿತ್ತು, ಶ್ರಾವಣಕ್ಕೆ ಮದುವೆ. ಸ್ವಾಮಿ ಮಾವನಿಗೆ ಅದೇ ಉರಿ. ಅಕ್ಕನ ಹಿರಿಮಗಳು ಸೋದರಮಾವನ ಹಕ್ಕು, ಮೇಷ್ಟ್ರಿಗೆ ಹೇಗೆ ಕೊಡುತ್ತೀರಿ, ಮದುವೆಯ ದಿನ ಚಪ್ಪರಕ್ಕೆ ಅಡ್ಡ ಮಲಗುತ್ತೇನೆ ಎಂದು ಕುಡಿದಾಗಲೆಲ್ಲ ಕೂಗಾಡುತ್ತಿದ್ದರು. ನೀನು ಹಿತ್ತಲಿನಲ್ಲಿ ಅಳುತ್ತಿದ್ದೆ. ನಾನು ನಿನ್ನ ಬೆನ್ನು ಸವರುತ್ತಿದ್ದೆ.

ಬೀಳುವುದು ಇವತ್ತೋ ನಾಳೆಯೋ ಎಂದ ದಿನ ಮಾವ ಬಾಡೂಟಕ್ಕೆ ಬಂದಿದ್ದರು. ಅಪ್ಪನಿಗೆ ಅದೇನು ಹೊಳೆಯಿತೋ, ನನ್ನನ್ನು ಕರೆದು ಹೇಳಿದರು. "ಮದ್ವೆ ಇಲ್ದೆ ಸತ್ರೆ ಹೆಣ್ಣುಮಗೀಗೆ ಗತಿ ಇಲ್ಲ ಕಣವ್ವ. ನಿಮ್ಮಕ್ಕಂಗೆ ವೀಳ್ಯವಾದ್ರೂ ಆಗೈತೆ." ಮಾವ ಎಲುಬು ಚೀಪುತ್ತಾ ಒಪ್ಪಿದರು. ಹೇಗೂ ಸಾಯುವುದು, ಯಾರಿಗೆ ಕಟ್ಟಿದರೇನು ಎಂದರು. ಪೂಜಾರಿ ವೆಂಕಟಯ್ಯ ಬಂದು ಆಷಾಢದಲ್ಲಿ ತಾಳಿ ಕಟ್ಟುವುದುಂಟೇ ಎಂದು ತಲೆ ಚಚ್ಚಿಕೊಂಡ. ಲೋಕವೇ ಮುಳುಗುವಾಗ ಆಷಾಢವೇನು ಶ್ರಾವಣವೇನು ಎಂದು ಅಪ್ಪ ಬಾಯಿ ಮುಚ್ಚಿಸಿದರು. ಆದರೂ ಅಪ್ಪ ಪೂರ್ತಿ ಕಟುಕರಲ್ಲ. ಬೆಳಗಾಗುತ್ತಲೇ ಮುಹೂರ್ತ, ಅದಕ್ಕೆ ಮೊದಲು ರೇಡಿಯೋದಲ್ಲಿ ವಾರ್ತೆ ಕೇಳೋಣ, ಎಲ್ಲಾದರೂ ಬಿದ್ದುಹೋಗಿದ್ದರೆ ಈ ಕೂಸನ್ನು ಸುಮ್ಮನೆ ಯಾಕೆ ಕಟ್ಟಬೇಕು ಎಂದರು. ಬೀದಿಗೆಲ್ಲ ಇದ್ದದ್ದು ಒಂದೇ ರೇಡಿಯೋ, ಭಾವ ನಿನಗೆ ತಂದುಕೊಟ್ಟಿದ್ದು. ವಾರ್ತೆ ಕೇಳಿ ಹೇಳುವ ಕೆಲಸ ನಿನ್ನದಾಯಿತು.

ಬೆಳಗ್ಗೆ ನೀನು ರೇಡಿಯೋ ಹಿಡಿದು ಹಿತ್ತಲಿಗೆ ಹೋದೆ. ನಾನು ಅರಿಶಿನ ಹಚ್ಚಿಕೊಂಡು ಒಳಗೆ ಕೂತು ನಿನ್ನ ಹೆಜ್ಜೆಯ ಸದ್ದಿಗೆ ಕಾದೆ. ಅಷ್ಟು ಕಿವಿಗೊಟ್ಟು ನಾನು ಯಾವತ್ತೂ ಯಾರಿಗೂ ಕಾದಿಲ್ಲ. ನೀನು ಬಂದು ಅಪ್ಪನಿಗೆ ಹೇಳಿದೆ. "ರೇಡಿಯೋ ಮಾತಾಡ್ತಿಲ್ಲ ಕಣಪ್ಪ. ಸೆಲ್ಲು ಹೋಗ್ಬುಟ್ಟೈತೆ." ಅಪ್ಪ ಆಕಾಶ ನೋಡಿದರು. ಅರಿಶಿನದ ಕೊಂಬು ಕಟ್ಟಿದ ದಾರ ಮಾವನ ಕೈಗೆ ಕೊಟ್ಟರು.

ಕಟ್ಟಿದ ಮೇಲೆ ನೀನು ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತೆ. ನಿನ್ನ ಸೆರಗಿನ ಗಂಟಿನಲ್ಲಿ ಏನೋ ಗಟ್ಟಿಯಾದದ್ದು ನನ್ನ ಎದೆಗೆ ಒತ್ತಿತು. ಅಡಿಕೆಯೋ ಕೊಬ್ಬರಿಯೋ ಕಟ್ಟಿಕೊಂಡಿದ್ದಾಳೆ ಎಂದುಕೊಂಡೆ. ಆ ದಿನ ನನಗಾಗಿ ಅತ್ತವಳು ನೀನೊಬ್ಬಳೇ. ಇಷ್ಟು ವರ್ಷ ಆ ಅಪ್ಪುಗೆಯ ಋಣ ನನ್ನ ಮೇಲಿದೆ ಎಂದೇ ತಿಳಿದಿದ್ದೆ. ಅದಕ್ಕೇ ನೀನು ನಿನ್ನ ಮನೆಯ ಗೃಹಪ್ರವೇಶಕ್ಕೆ ನನ್ನನ್ನು ಕರೆಯದಿದ್ದಾಗಲೂ, ಅವ್ವನ ಸರ ನೀನೊಬ್ಬಳೇ ಇಟ್ಟುಕೊಂಡಾಗಲೂ ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನದ ಬಸ್ಸಿನ ಕಂಡಕ್ಟರು ಸುದ್ದಿ ತಂದ, ಆಸ್ಟ್ರೇಲಿಯಾದ ಕಡೆ ಬಿತ್ತಂತೆ ಎಂದು. ಊರೆಲ್ಲ ನಕ್ಕಿತು. ಕೋಳಿ ಕಳೆದುಕೊಂಡವರು ಒಬ್ಬರನ್ನೊಬ್ಬರು ಬೈದುಕೊಂಡು ನಕ್ಕರು. ಅಪ್ಪ ಮಾತ್ರ ಜಗಲಿಯಲ್ಲಿ ಕುಸಿದು ಕೂತರು. ಆಷಾಢದ ತಾಳಿ ತಾಳಿಯಲ್ಲ, ಈಗಲೇ ಬಿಚ್ಚಿಬಿಡಿ ಎಂದು ವೆಂಕಟಯ್ಯ ಹೇಳಿದ. ಅಪ್ಪ ಮಾವನ ಮುಖ ನೋಡಿದರು. ಮಾವ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಕಟ್ಟಿ ಬಿಚ್ಚಕ್ಕೆ ನಾನೇನು ಎಮ್ಮೆ ಕಟ್ಟಿದ್ನಾ? ಇವಳನ್ನ ಬುಡಬೇಕು ಅಂದ್ರೆ ದೊಡ್ಡೋಳ್ನ ಕೊಡಿ." ಅಪ್ಪ ವೆಂಕಟಯ್ಯನನ್ನು ಮನೆಗೆ ಕಳಿಸಿಬಿಟ್ಟರು. ನೀನು ಬಾಗಿಲ ಹಿಂದೆ ಇದ್ದೆ. ಹೊಸ ಮದುವಣಗಿತ್ತಿಯರು ಆಷಾಢದಲ್ಲಿ ತವರಿಗೆ ಬರುತ್ತಾರೆ, ನಾನು ಆಷಾಢದಲ್ಲಿ ತವರು ಬಿಟ್ಟೆ. ಶ್ರಾವಣದಲ್ಲಿ ನಿನ್ನ ಮದುವೆ ವಾಲಗದ ಜೊತೆ ನಡೆಯಿತು. ಚಪ್ಪರಕ್ಕೆ ಯಾರೂ ಅಡ್ಡ ಮಲಗಲಿಲ್ಲ. ಹೋಗುವಾಗ ನೀನು ಆ ರೇಡಿಯೋ ನನಗೆ ಉಡುಗೊರೆ ಕೊಟ್ಟೆ. ಭಾವ ಹೊಸದು ಕೊಡಿಸುತ್ತಾರೆ, ಇದು ನಿನಗಿರಲಿ ಎಂದೆ. ನಾನು ಆನಂದದಿಂದ ಅತ್ತುಬಿಟ್ಟೆ.

ಇಷ್ಟೂ ಕೇಳಿ ಪ್ರತಿಮಾ ಒಂದೇ ಮಾತು ಹೇಳಿದಳು, "ದೊಡ್ಡವ್ವ ಒಬ್ಬಳಾದರೂ ಅತ್ತಳಲ್ಲ ಅವ್ವ." ಆ ನಂಬಿಕೆಯಲ್ಲೇ ಅವಳು ನಿನ್ನ ಮನೆಗೆ ಬಂದಿದ್ದಾಳೆ.

ನಾಳೆ ಯುಗಾದಿ. ಮೂರು ದಿನ ಮಾವ ಇಸ್ಪೀಟು ಬಿಟ್ಟು ಏಳುವುದಿಲ್ಲ, ಮನೋಹರನೂ ಅವರ ಜೊತೆಗೇ ಇರುತ್ತಾನೆ. ಮಗಳು ಮನೆಯಲ್ಲಿಲ್ಲ ಎಂದು ಗೊತ್ತಾಗುವುದು ಹೊಸತೊಡಕಿನ ಬಾಡೂಟಕ್ಕೆ ಖಾರ ಅರೆಯುವಾಗ. ಹಬ್ಬದ ದಿನ ಹೆಣ್ಣುಮಗುವನ್ನು ಎಣ್ಣೆ ನೀರು ಹಾಕದೆ, ಬೇವು ಬೆಲ್ಲ ಕೊ‌ಡದೆ ಮೊದಲನೆಯ ಬಸ್ಸಿಗೆ ಹತ್ತಿಸುತ್ತಿದ್ದೇನೆ. ಬೇವು ಬೇಕಾದಷ್ಟು ಕಂಡಿದ್ದಾಳೆ, ನೀನು ಒಂದು ಚೂರು ಬೆಲ್ಲ ಕೊಡು. ನನ್ನನ್ನು ಅವರು ಏನು ಮಾಡುತ್ತಾರೆ ಎಂಬ ಚಿಂತೆ ಬೇಡ. ಬಿದ್ದದ್ದನ್ನು ಇನ್ನೆಲ್ಲಿಗೆ ಬೀಳಿಸುತ್ತಾರೆ.

ಸ್ಕೈಲ್ಯಾಬಿನ ಒಂದು ಸಂಗತಿ ನನಗೆ ಬಹಳ ಇಷ್ಟ. ಕೊನೆಯ ತಂಡದವರು ಇಳಿದು ಬರುವಾಗ ಅದರ ಬಾಗಿಲಿಗೆ ಚಿಲಕ ಹಾಕಲಿಲ್ಲವಂತೆ. ಮುಂದೆ ಯಾರಾದರೂ ಬಂದರೆ ಇರಲಿ ಎಂದು ಒಂದು ಚೀಲದಲ್ಲಿ ಬೇಕಾದ್ದೆಲ್ಲ ತುಂಬಿಟ್ಟು ಬಂದರಂತೆ. ಐದು ವರ್ಷ ಆ ಬಾಗಿಲು ಹಾಗೇ ಇತ್ತು, ಯಾರೂ ಬರಲಿಲ್ಲ. ನಾನೂ ಬಹಳ ವರ್ಷ ಬಾಗಿಲಿಗೆ ಚಿಲಕ ಹಾಕಿರಲಿಲ್ಲ ಅಕ್ಕ. ಅಪ್ಪ ಬಂದು ಕರೆದುಕೊಂಡು ಹೋಗುತ್ತಾರೆ ಎಂದುಕೊಂಡೆ, ನೀನು ಬರುತ್ತೀ ಎಂದುಕೊಂಡೆ. ನನ್ನ ಪಾಲಿಗೆ ಯಾರೂ ಬರಲಿಲ್ಲ, ಹೋಗಲಿ. ಅವಳ ಪಾಲಿಗಾದರೂ ಒಂದು ಬಾಗಿಲು ತೆರೆದಿರಲಿ ಎಂದು ಇಷ್ಟು ಬರೆದೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಪುನೀತನಿಗೆ ಒಳ್ಳೆಯ ಮನೆತನದ, ನಗುಮುಖದ ಹುಡುಗಿ ಸಿಗಲಿ ಎಂದು ಅವನ ಚಿಕ್ಕವ್ವ ಮನಸಾರೆ ಹರಸುತ್ತಾಳೆ. ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿದುಕೋ.

ನಿನ್ನ ತಂಗಿ,
ಲತಾಮಣಿ

ಮರೆತ ಮಾತು: ಕಾಗದ ಇಲ್ಲಿಗೇ ಮುಗಿದಿತ್ತು, ಅಂಟು ಹಾಕುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ಪ್ರತಿಮಾ ಬ್ಯಾಗು ಕಟ್ಟಿ ಮುಗಿಸಿ ಬಂದಳು. ಅಲ್ಲಿ ರಾತ್ರಿ ಬೇಸರವಾದರೆ ಕೇಳುತ್ತೇನೆ ಎಂದು ನಿನ್ನ ಹಳೆಯ ರೇಡಿಯೋ ಇಟ್ಟುಕೊಂಡಿದ್ದಾಳೆ. ಬಸ್ಸಿನಲ್ಲಿ ಅಲುಗಿ ತಾನಾಗಿ ಹಾಡಿಬಿಟ್ಟೀತೆಂದು ಅದರ ಎರಡು ಸೆಲ್ಲು ತೆಗೆದು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಿದ್ದಳು. ಹಾಗೇ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಆ ಗಂಟು ನನ್ನ ಎದೆಗೆ ಒತ್ತಿತು ಅಕ್ಕ. ಅದೇ ಜಾಗದಲ್ಲಿ, ಅಷ್ಟೇ ಗಟ್ಟಿಯಾಗಿ.

ಅಡಿಕೆ ಅಷ್ಟು ಭಾರ ಇರುವುದಿಲ್ಲ.

ಆಮೇಲೆ ಒಂದೊಂದೇ ನೆನಪಾಯಿತು. ಸ್ಕೈಲ್ಯಾಬು ಬಿದ್ದದ್ದು ಹನ್ನೊಂದನೇ ತಾರೀಖು ಎಂದು ಎಲ್ಲ ಕಡೆ ಓದಿದ್ದೆ. ಅದು ಅಮೆರಿಕದ ತಾರೀಖು, ನಮಗೆ ಮಾರನೆಯ ದಿನ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈ ವಾರ ಮೀರ್ ಸುದ್ದಿಯ ಜೊತೆ ಪತ್ರಿಕೆಯಲ್ಲಿ ಹಳೆಯದನ್ನೂ ಹಾಕಿದ್ದರು. ನಮ್ಮ ಗಡಿಯಾರಕ್ಕೆ ಅದು ಬಿದ್ದದ್ದು ಹನ್ನೊಂದರ ರಾತ್ರಿ, ಊಟದ ಹೊತ್ತು ಕಳೆದ ಸ್ವಲ್ಪಕ್ಕೇ. ಹನ್ನೆರಡರ ಬೆಳಗ್ಗೆ ನನಗೆ ಅರಿಶಿನ ಹಚ್ಚುವ ಹೊತ್ತಿಗೆ ಅದು ಬಿದ್ದು ತಣ್ಣಗಾಗಿತ್ತು. ಬೆಳಗಿನ ವಾರ್ತೆಯಲ್ಲಿ ಅದನ್ನು ಬಿಟ್ಟು ಬೇರೇನು ಹೇಳಿರುತ್ತಾರೆ. ಭಾವ ಆ ಹಿಂದಿನ ಸೋಮವಾರವಷ್ಟೇ ಕನಕಪುರದಿಂದ ಹೊಸ ಸೆಲ್ಲು ತಂದು ಹಾಕಿ ಹೋಗಿದ್ದರು. ನನಗೆ ತಾಳಿ ಕಟ್ಟಿದ ಸಂಜೆಯೇ ನಿನ್ನ ರೇಡಿಯೋ ಹಾಡಿತು. ಹೋದ ಸೆಲ್ಲು ಹೇಗೆ ಬಂತು ಎಂದು ಆಗ ನಾನು ಕೇಳಲಿಲ್ಲ, ಹೊಸ ಮದುವಣಗಿತ್ತಿಗೆ ಅಂಥ ಪ್ರಶ್ನೆ ಬರುವುದಿಲ್ಲ.

ನಿನಗೆ ಗೊತ್ತಿತ್ತು. ಲೋಕ ಹೆದರಿತ್ತು, ನೀನು ಹೆದರಿರಲಿಲ್ಲ. ನಾನು ಉಳಿದರೆ ಮಾವ ನಿನ್ನ ಪಾಲಿಗೆ ಬರುತ್ತಿದ್ದರು, ಅದಕ್ಕೆ ನನ್ನನ್ನು ಕೊಟ್ಟೆ. ಬಯ್ಯುವುದಕ್ಕೆ ಕೂತರೆ ಬೆಳಗಾಗುತ್ತದೆ, ಬಸ್ಸು ತಪ್ಪುತ್ತದೆ. ಪ್ರತಿಮಾಳಿಗೆ ಇದನ್ನು ಹೇಳಿಲ್ಲ. ನೀನು ಅವಳನ್ನು ಇಟ್ಟುಕೊಂಡರೆ ಸಾಯುವ ತನಕ ಹೇಳುವುದಿಲ್ಲ, ದೊಡ್ಡವ್ವ ಅತ್ತಳು ಎಂದೇ ಅವಳು ತಿಳಿದಿರಲಿ. ವಾಪಸ್ಸು ಕಳಿಸಿದರೆ ಪುನೀತನ ಬೀಗರು ಬಂದು ಕೂತ ದಿನವೇ ನಾನು ಮಾಗಡಿಗೆ ಬರುತ್ತೇನೆ. ಗಲಾಟೆ ಮಾಡುವುದಿಲ್ಲ. ಭಾವನನ್ನು ಒಂದೇ ಮಾತು ಕೇಳುತ್ತೇನೆ, ಅವರು ಕೊಡಿಸಿದ ಹೊಸ ಸೆಲ್ಲು ಮೂರು ದಿನಕ್ಕೆ ಯಾಕೆ ಹೋಯಿತು ಎಂದು.

ಪ್ರತಿಮಾಳ ದುಪಟ್ಟಾದ ಗಂಟು ಬಿಚ್ಚಿ ಆ ಸೆಲ್ಲುಗಳನ್ನು ನಾನೇ ತೆಗೆದಿಟ್ಟುಕೊಂಡಿದ್ದೇನೆ. ರಾತ್ರಿ ಅವಳು ರೇಡಿಯೋ ಕೇಳಬೇಕು ಎನ್ನುತ್ತಾಳೆ. ಕೊಡು ಅಕ್ಕ. ನಿನ್ನ ಹತ್ತಿರ ಎರಡು ಇವೆ.